ಹಳೆಯ ಡೀಸೆಲ್ ಕ್ಯಾಂಪರ್ ವ್ಯಾನ್ ಹೀಟ್ ಆಗುತ್ತಿದೆಯೇ? ಪಾರ್ಟ್ಸ್ ಕೊಳ್ಳುವ ಮೊದಲು ಇಷ್ಟು ನೋಡಿ

ಹಳೆಯ ಡೀಸೆಲ್ ಗಾಡಿಯನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವವರು ಈಗ ಬೆಂಗಳೂರಿನಲ್ಲೂ ಇದ್ದಾರೆ. ಇಂಥ ಗಾಡಿಗಳಲ್ಲಿ ಹಲವು ಟೆಂಪೊ ಟ್ರಾವೆಲರ್ ಅಥವಾ ಟಾಟಾ 407ರ ಮೇಲೆ ಕಟ್ಟಿದವು. ಎಷ್ಟೋ ವರ್ಷ ಬಾಡಿಗೆಗೆ ಓಡಿ ಸವೆದ ಎಂಜಿನ್ನಿನ ಮೇಲೆ ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕ್, ಬ್ಯಾಟರಿ, ಏಸಿ ಎಲ್ಲ ಹೇರಿದ ಮೇಲೆ ಮೊದಲು ದೂರು ಹೇಳುವುದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು. ಗ್ಯಾರೇಜಿಗೆ ಒಯ್ದರೆ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಬದಲಾಗುತ್ತದೆ, ಆಮೇಲೆ ವಾಟರ್ ಪಂಪ್, ಆಮೇಲೆ ರೇಡಿಯೇಟರ್, ಕೊನೆಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುತ್ತಾರೆ. ಒಂದೊಂದು ಸಲವೂ ದುಡ್ಡು ಹೋಗುತ್ತದೆ, ಹೀಟ್ ಆಗುವುದು ಮಾತ್ರ ನಿಲ್ಲುವುದಿಲ್ಲ.

ಈ ಕ್ರಮವನ್ನು ತಿರುಗಿಸಿ. ಗಾಡಿ ಯಾವಾಗ ಹೀಟ್ ಆಗುತ್ತದೆ ಎನ್ನುವುದನ್ನು ಮೊದಲು ಸರಿಯಾಗಿ ಗಮನಿಸಿದರೆ ಕಾರಣದ ಅರ್ಧ ದಾರಿ ಸವೆದಂತೆ. ಉಳಿದರ್ಧಕ್ಕೆ ಬೇಕಾದ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಮನೆ ಮುಂದೆಯೇ ಮಾಡಬಹುದು.

ಮುಳ್ಳು ಕೆಂಪಿನ ಕಡೆ ಹೊರಟಾಗ

ರೋಗ ಹುಡುಕುವ ಮಾತು ಆಮೇಲೆ. ಮೊದಲು ಎಂಜಿನ್ ಉಳಿಯಬೇಕು, ಒಳಗಿರುವವರಿಗೆ ಏನೂ ಆಗಬಾರದು.

1. ಏಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ತೆರೆಯಿರಿ. ಹೀಟರ್ ಕಾಯಿಲ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರೇ. ಸೆಕೆಗೆ ಬೆವರುತ್ತೀರಿ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಹೊರಬೀಳುತ್ತದೆ.

2. ಆಕ್ಸಿಲರೇಟರ್ ಸಡಿಲಿಸಿ, ಒಂದು ಗೇರ್ ಇಳಿಸಿ, ಅಗಲವಾದ ಜಾಗ ನೋಡಿ ಸೈಡಿಗೆ ಹಾಕಿ.

3. ಆವಿ ಬರುತ್ತಿಲ್ಲ, ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಸೋರುತ್ತಿಲ್ಲ, ಮುಳ್ಳು ಇನ್ನೂ ಕೆಂಪು ಮುಟ್ಟಿಲ್ಲ ಎಂದರೆ ಎಂಜಿನ್ ತಕ್ಷಣ ಆಫ್ ಮಾಡಬೇಡಿ. ನ್ಯೂಟ್ರಲ್‌ನಲ್ಲಿಟ್ಟು ಐಡ್ಲಿಂಗ್‌ಗಿಂತ ತುಸು ಹೆಚ್ಚು ವೇಗದಲ್ಲಿ ಎರಡು ಮೂರು ನಿಮಿಷ ಓಡಿಸಿ. ಪಂಪ್ ಮತ್ತು ಫ್ಯಾನ್ ತಿರುಗುತ್ತಿದ್ದರೆ ಮುಳ್ಳು ಇಳಿಯಬೇಕು. ಇಳಿಯದಿದ್ದರೆ, ಆವಿ ಎದ್ದರೆ, ಮುಳ್ಳು ಕೆಂಪಿನಲ್ಲಿದ್ದರೆ ಆ ಕ್ಷಣವೇ ಆಫ್ ಮಾಡಿ. ನೀರಿಲ್ಲದ ಎಂಜಿನ್ ಒಂದು ನಿಮಿಷ ಹೆಚ್ಚು ಓಡಿದರೂ ಹೆಡ್ ಬೆಂಡ್ ಆಗುವಷ್ಟು ಹಾನಿಯಾಗಬಹುದು.

4. ಎಲ್ಲರನ್ನೂ ಕೆಳಗಿಳಿಸಿ. ಹಿಂದೆ ಮಲಗಿರುವ ಅಜ್ಜಿಯನ್ನೂ, ಮಕ್ಕಳನ್ನೂ. ಅಡುಗೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಸಾಮಾನ್ಯ ವ್ಯಾನಿನಲ್ಲಿ ಈ ಚಿಂತೆಯಿಲ್ಲ, ನಮ್ಮ ಗಾಡಿಗಳಲ್ಲಿ ಇದೆ. ಟ್ರಾವೆಲರ್‌ನಂಥ ಗಾಡಿಯಲ್ಲಿ ಎಂಜಿನ್ ಕವರ್ ಮುಂದಿನ ಸೀಟುಗಳ ನಡುವೆಯೇ ಇರುವುದರಿಂದ ಆವಿ ನೇರವಾಗಿ ಕ್ಯಾಬಿನ್ ಒಳಗೆ ನುಗ್ಗುತ್ತದೆ. ಆ ಕವರನ್ನು ಅವಸರದಲ್ಲಿ ಎತ್ತಬೇಡಿ.

5. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ವಿಸಿಲ್ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾರೂ ತಿರುಗಿಸುವುದಿಲ್ಲ, ಇದೂ ಹಾಗೆಯೇ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಒಳಗೆ ಒತ್ತಡ ಇರುವುದರಿಂದಷ್ಟೇ ಅದು 110 ಡಿಗ್ರಿಯಲ್ಲೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತೆರೆದ ಕೂಡಲೇ ಒತ್ತಡ ಹೋಗಿ, ಅಷ್ಟೂ ನೀರು ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಹಿಡಿದು ಮೇಲಿನ ಹೋಸ್ ಪೈಪ್ ಅದುಮಿ ನೋಡಿ. ಮೆತ್ತಗಿದ್ದರೆ ಮಾತ್ರ ಕ್ಯಾಪನ್ನು ಮೊದಲ ಹಂತದವರೆಗೆ ತಿರುಗಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಬಿಸಿ ಎಂಜಿನ್ನಿನ ಮೇಲೆ ಬಕೆಟ್ ನೀರು ಸುರಿಯುವುದನ್ನು ದಾರಿಯಲ್ಲಿ ಈಗಲೂ ನೋಡುತ್ತೇವೆ. ದಯವಿಟ್ಟು ಬೇಡ. ಎರಕದ ಲೋಹ ಒಮ್ಮೆಲೇ ತಣ್ಣಗಾದರೆ ಬಿರುಕು ಬಿಡುತ್ತದೆ. ಒಳಗೆ ನೀರು ತುಂಬುವಾಗಲೂ ಎಂಜಿನ್ ಆರಿದ ಮೇಲೆ ನಿಧಾನವಾಗಿ ತುಂಬಿ.

ಘಾಟಿಯಲ್ಲಿ ನಿಂತಿದ್ದರೆ ಚಕ್ರಕ್ಕೆ ಕಲ್ಲು ಕೊಡಿ, ಎಚ್ಚರಿಕೆಯ ತ್ರಿಕೋನವನ್ನು ಹಿಂದಿನ ತಿರುವಿನಲ್ಲೇ ಕಾಣುವಂತೆ ಇಡಿ. ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗೆ ಹಾಕಿಯೇ ಹೊರಡಿ. ಅದು ರಸ್ತೆಯಲ್ಲೇ ಉಳಿದರೆ ರಾತ್ರಿ ಬರುವ ಬೈಕಿನವನಿಗೆ ಪ್ರಾಣಾಪಾಯ. ರಾಷ್ಟ್ರೀಯ ಹೆದ್ದಾರಿಯಾದರೆ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು.

ಯಾವಾಗ ಹೀಟ್ ಆಗುತ್ತದೆ?

ಗಾಡಿಯಲ್ಲಿ ಒಂದು ಪುಸ್ತಕ ಇಡಿ. ಮುಳ್ಳು ಮಾಮೂಲಿಗಿಂತ ಮೇಲೆ ಹೋದಾಗಲೆಲ್ಲ ಪಕ್ಕದಲ್ಲಿ ಕೂತವರು ಬರೆಯಲಿ: ಯಾವ ಜಾಗ, ಯಾವ ಗೇರ್, ಎಷ್ಟು ವೇಗ, ಏಸಿ ಇತ್ತೋ ಇಲ್ಲವೋ, ಆಮೇಲೆ ಎಷ್ಟು ನೀರು ಹಿಡಿಯಿತು. ಕೆಲವು ಪ್ರಯಾಣ ಮುಗಿಯುವಷ್ಟರಲ್ಲಿ ಒಂದು ಮಾದರಿ ಕಣ್ಣಿಗೆ ಬೀಳುತ್ತದೆ.

ಸಿಲ್ಕ್ ಬೋರ್ಡ್, ಹೆಬ್ಬಾಳ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಹೀಟ್ ಆಗಿ, ನೆಲಮಂಗಲ ದಾಟಿ ಗಾಳಿ ಸಿಕ್ಕ ಕೂಡಲೇ ಇಳಿಯುತ್ತದೆಯೇ? ತೊಂದರೆ ಫ್ಯಾನಿನ ಕಡೆ ಇದೆ. ಓಡುವ ಗಾಡಿಗೆ ಗಾಳಿ ತಾನಾಗಿ ಬರುತ್ತದೆ, ನಿಂತ ಗಾಡಿಗೆ ಫ್ಯಾನ್ ಒಂದೇ ಗತಿ.

ಟ್ರಾಫಿಕ್ಕಿನಲ್ಲಿ ಸುಮ್ಮನಿದ್ದು, ಉದ್ದನೆಯ ಏರಿನಲ್ಲಿ ಅಥವಾ ಎಂಬತ್ತರ ವೇಗದಲ್ಲಿ ಹೀಟ್ ಆಗುತ್ತದೆಯೇ? ಆಗ ರೇಡಿಯೇಟರಿಗೆ ಸಾಮರ್ಥ್ಯ ಸಾಲುತ್ತಿಲ್ಲ. ಒಳಗೆ ಕಟ್ಟಿಕೊಂಡಿರಬಹುದು, ಹೊರಗೆ ಧೂಳು ತುಂಬಿರಬಹುದು, ಕೆಳಗಿನ ಹೋಸ್ ಪೈಪ್ ಪಂಪಿನ ಸೆಳೆತಕ್ಕೆ ಒಳಕ್ಕೆ ಕುಸಿಯುತ್ತಿರಬಹುದು. ಏರಿನಲ್ಲಿ ಕಪ್ಪು ಹೊಗೆಯೂ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್, ಡೀಸೆಲ್ ಪಂಪ್ ಟೈಮಿಂಗ್ ನೋಡಿಸಿ. ಬ್ರೇಕ್ ಹಿಡಿದುಕೊಂಡಿದ್ದರೂ, ಕ್ಲಚ್ ಜಾರುತ್ತಿದ್ದರೂ ಎಂಜಿನ್ ಸುಮ್ಮನೆ ಹೆಚ್ಚು ದುಡಿಯುತ್ತದೆ.

ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಮುಳ್ಳು ಮೇಲೆ ಹಾರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇರಬಹುದು, ಏರ್ ಲಾಕ್ (ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ಇರಬಹುದು, ಕೂಲಂಟ್ ಕಡಿಮೆಯಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗಿರಬಹುದು.

ಮುಳ್ಳು ಒಮ್ಮೆಲೇ ಮೇಲೆ ಹೋಗಿ ಒಮ್ಮೆಲೇ ಕೆಳಗೆ ಬಿದ್ದರೆ ಸೆನ್ಸರ್ ಅಥವಾ ಅರ್ತಿಂಗ್ ವೈರ್ ಮೇಲೆ ಸಂಶಯ ಪಡಿ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಕೂಲಂಟ್ ಪೂರ್ತಿ ಸೋರಿಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ಕೆಳಗೆ ಕೂತಿರುತ್ತದೆ. ಹಾಗಾಗಿ ಹಳೆಯ ಗಾಡಿಗೆ ಕೂಲಂಟ್ ಮಟ್ಟ ಇಳಿದರೆ ಕೂಗುವ ಅಲಾರಂ ಹಾಕಿಸುವುದು ನನ್ನ ಮಟ್ಟಿಗೆ ಸೋಲಾರ್ ಪ್ಯಾನೆಲ್‌ಗಿಂತ ಮೊದಲು ಆಗಬೇಕಾದ ಖರ್ಚು.

ಗಾಳಿಯ ದಾರಿ

ಎಂಜಿನ್ ಪೂರ್ತಿ ಆರಿದ ಮೇಲೆ ಮುಂದಿನ ಗ್ರಿಲ್ ಬಿಚ್ಚಿ. ಏಸಿ ಕಂಡೆನ್ಸರ್ (ಏಸಿಯ ಬಿಸಿ ಹೊರಹಾಕುವ ಜಾಲರಿ), ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ ಅದು, ಅದರ ಹಿಂದೆ ರೇಡಿಯೇಟರ್, ಹೀಗೆ ಒಂದರ ಹಿಂದೆ ಒಂದು ನಿಂತಿರುತ್ತವೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಮಾತ್ರ ಕಾಣುತ್ತದೆ. ಕಸ ಸೇರಿಕೊಳ್ಳುವುದು ಅದರ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ: ಹುಳ, ಒಣಗಿದ ಎಲೆ, ಪ್ಲಾಸ್ಟಿಕ್ ಚೂರು, ಎಣ್ಣೆಗೆ ಅಂಟಿದ ಧೂಳು. ಟಾರ್ಚ್ ಹಿಡಿದು ಸಂದಿಯೊಳಗೆ ನೋಡಿ. ಬೇಕಿದ್ದರೆ ಕಂಡೆನ್ಸರಿನ ಬೋಲ್ಟ್ ಮಾತ್ರ ಸಡಿಲಿಸಿ ಸ್ವಲ್ಪ ಮುಂದಕ್ಕೆ ಸರಿಸಿ. ಗ್ಯಾಸ್ ಪೈಪ್ ಬಿಚ್ಚಬಾರದು.

ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ, ಕಸ ಬಂದ ದಾರಿಯಲ್ಲೇ ವಾಪಸ್ ಹೋಗಲಿ. ತೋಟಕ್ಕೆ ನೀರು ಬಿಡುವ ಪೈಪಿನ ರಭಸ ಸಾಕು. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳೆಲ್ಲ ಮಡಚಿಕೊಂಡು, ತೊಳೆಯುವ ಮುಂಚಿಗಿಂತ ಕಡಿಮೆ ಗಾಳಿ ಹೋಗುತ್ತದೆ.

ಈಗ ಫ್ಯಾನ್. ಬೆಲ್ಟ್ ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ. ವಿಸ್ಕಸ್ ಕ್ಲಚ್ (ಬಿಸಿಯಾದಾಗ ಮಾತ್ರ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಜೋಡಣೆ) ಇರುವ ಫ್ಯಾನ್ ಆದರೆ ಎಂಜಿನ್ ಆಫ್ ಇರುವಾಗ ಕೈಯಲ್ಲಿ ತಿರುಗಿಸಿ. ಸ್ವಲ್ಪ ಬಿಗಿ ಸಿಗಬೇಕು; ಬಿಟ್ಟ ಮೇಲೂ ತಾನಾಗಿ ಸುತ್ತು ಹೊಡೆಯುತ್ತಿದ್ದರೆ ಕ್ಲಚ್ ಮುಗಿದಿದೆ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಂಡಿದ್ದರೆ ಅದು ಓಡುತ್ತಿರುವಾಗ ಗ್ರಿಲ್ ಮುಂದೆ ಒಂದು ಹಾಳೆ ಹಿಡಿಯಿರಿ. ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ವೈರ್ ಉಲ್ಟಾ ಕೊಟ್ಟಿದ್ದಾರೆ ಎಂದರ್ಥ.

ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಅಥವಾ ತಗಡಿನ ಶ್ರೌಡ್ ಇದೆಯೇ ಎಂದೂ ನೋಡಿ. ಹಿಂದೆ ಯಾವಾಗಲೋ ಆಕ್ಸಿಡೆಂಟ್ ಕೆಲಸ ಮಾಡಿದವರು ಅದನ್ನು ಮೂಲೆಗೆ ಎಸೆದಿರುವುದುಂಟು. ಶ್ರೌಡ್ ಇಲ್ಲದ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಎಂಜಿನ್ನಿನ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಗ್ರಿಲ್ ಮುಂದೆ ಚಂದಕ್ಕೆ ಹಾಕಿದ ದೊಡ್ಡ ಬಂಪರ್, ಸಾಲು ದೀಪ, ಬೋರ್ಡು ಇದ್ದರೆ ತೆಗೆದು ಒಂದು ವಾರ ಓಡಿಸಿ. ಎಂಜಿನ್ ಕವರಿಗೆ ಅಂಟಿಸಿದ ದಪ್ಪ ಕಾರ್ಪೆಟ್ ಕೆಳಗೆ ಜೋತುಬಿದ್ದು ಗಾಳಿ ಹೊರಹೋಗುವ ದಾರಿ ಮುಚ್ಚಿದೆಯೇ ನೋಡಿ. ಗಾಳಿ ಒಳಗೆ ಬಂದರೆ ಸಾಲದು, ಹೊರಗೂ ಹೋಗಬೇಕು.

ಬೋರ್‌ವೆಲ್ ನೀರು ಹಾಕಬೇಡಿ

ಬೆಂಗಳೂರಿನ ಹಳೆಯ ಗಾಡಿಗಳ ರೇಡಿಯೇಟರ್ ಹಾಳಾಗುವುದಕ್ಕೆ ನಲ್ಲಿಯ ನೀರು ಬಹುದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ನಮ್ಮ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನಲ್ಲಿ, ಗೀಸರ್ ಕಾಯಿಲಿನಲ್ಲಿ ಬಿಳಿ ಕಟ್ಟುವ ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ, ಸಿಲಿಂಡರಿನ ಸುತ್ತಲೂ ಕಟ್ಟುತ್ತದೆ. ಆ ಪದರ ಬಿಸಿಯನ್ನು ಲೋಹದಿಂದ ನೀರಿಗೆ ದಾಟಲು ಬಿಡುವುದಿಲ್ಲ. ಕಾವೇರಿ ನೀರು ಇದಕ್ಕಿಂತ ಮೆದು, ಆದರೂ ಅದು ರೇಡಿಯೇಟರಿಗೆ ಹಾಕುವ ನೀರಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮತ್ತು ಗಾಡಿಯ ಕೈಪಿಡಿ ಹೇಳುವ ಬಗೆಯ ಕೂಲಂಟ್ ಸಮಸಮ ಸೇರಿಸಿ ಹಾಕಿ. "ನಮ್ಮಲ್ಲಿ ಹಿಮ ಬೀಳಲ್ವಲ್ಲ, ಕೂಲಂಟ್ ಯಾಕೆ?" ಎಂದು ಕೇಳುವವರಿದ್ದಾರೆ. ಕೂಲಂಟ್ ಕುದಿಯುವ ಮಟ್ಟವನ್ನು ಏರಿಸುತ್ತದೆ, ಒಳಗಿನ ತುಕ್ಕು ತಡೆಯುತ್ತದೆ, ಪಂಪಿನ ಸೀಲ್ ಕಾಯುತ್ತದೆ. ವೆಟ್ ಲೈನರ್ (ಹೊರಮೈಗೆ ಕೂಲಂಟ್ ತಾಗುವ ಸಿಲಿಂಡರ್ ಕೊಳವೆ) ಇರುವ ದೊಡ್ಡ ಡೀಸೆಲ್ ಎಂಜಿನ್ನಿನಲ್ಲಂತೂ ಸರಿಯಾದ ಕೂಲಂಟ್ ಇಲ್ಲದಿದ್ದರೆ ಲೈನರಿನ ಹೊರಮೈಯಲ್ಲಿ ಗುಳ್ಳೆ ಒಡೆದು ಒಡೆದು ತೂತೇ ಬೀಳಬಹುದು.

ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಹಸಿರು, ಗುಲಾಬಿ ಎನ್ನುವುದು ಕಂಪನಿಯವರು ಹಾಕಿದ ಬಣ್ಣ ಮಾತ್ರ. ಬೇರೆ ಬೇರೆ ಬಗೆಯವು ಬೆರೆತರೆ ಒಳಗೆ ಗಸಿ ಕಟ್ಟಬಹುದು.

ಒಳಗೆ ತೊಳೆಯುವುದು ಹೀಗೆ. ತಣ್ಣನೆಯ ಎಂಜಿನ್ನಿನ ಕೆಳಗೆ ಟಬ್ ಇಟ್ಟು ಡ್ರೈನ್ ಕಾಕ್ ತೆರೆಯಿರಿ, ಅದು ತಿರುಗದಿದ್ದರೆ ಕೆಳಗಿನ ಹೋಸ್ ಕ್ಲಿಪ್ ಸಡಿಲಿಸಿ. ಹೀಟರ್ ಪೂರ್ತಿ ತೆರೆದಿರಲಿ. ಮೃದುವಾದ ನೀರು ಮತ್ತು ರೇಡಿಯೇಟರ್ ಫ್ಲಶ್ ದ್ರವ ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ಆರಿದ ಮೇಲೆ ಖಾಲಿ ಮಾಡಿ. ಬರುವ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಎಷ್ಟೇ ಖಾಲಿ ಮಾಡಿದರೂ ಬ್ಲಾಕ್ ಒಳಗೆ ಸ್ವಲ್ಪ ನೀರು ಉಳಿದಿರುತ್ತದೆ. ಹಾಗಾಗಿ ಮೊದಲು ಪೂರ್ತಿ ಕೂಲಂಟ್ ಹಾಕಿ, ಆಮೇಲೆ ನೀರು ಸೇರಿಸಿ: ಒಟ್ಟು ಹಿಡಿಯುವುದು 12 ಲೀಟರ್ ಎಂದಾದರೆ ಮೊದಲು 6 ಲೀಟರ್ ಕೂಲಂಟ್, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಸುಣ್ಣ ಕರಗಿಸುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ, ಅಲ್ಯೂಮಿನಿಯಂ ಭಾಗಗಳನ್ನು ಅದು ತಿಂದುಹಾಕುತ್ತದೆ.

ತೆಗೆದ ಹಳೆಯ ಕೂಲಂಟ್ ವಿಷ. ಅದನ್ನು ನೆಕ್ಕಿದ ಬೀದಿನಾಯಿ, ಬೆಕ್ಕು ಸಾಯುತ್ತವೆ. ಮೋರಿಗೆ ಸುರಿದರೆ ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಅದರ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡಿ.

ತುಂಬಿದ ಮೇಲೆ ಏರ್ ಲಾಕ್ ತೆಗೆಯಬೇಕು. ಗಾಡಿಯ ಮೂತಿ ಸ್ವಲ್ಪ ಎತ್ತರವಾಗುವಂತೆ ನಿಲ್ಲಿಸಿ, ಕ್ಯಾಪ್ ತೆಗೆದಿಟ್ಟೇ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಆನ್ ಇಟ್ಟು, ಗುಳ್ಳೆ ನಿಲ್ಲುವವರೆಗೆ ಮೇಲಿನಿಂದ ತುಂಬುತ್ತಿರಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ಆಗ ಇನ್ನಷ್ಟು ಹಾಕಿ. ಹಿಂದಿನ ಮಲಗುವ ಜಾಗಕ್ಕೂ ಹೀಟರ್ ಪೈಪ್ ಎಳೆದಿರುವ ಗಾಡಿಯಲ್ಲಿ ಗಾಳಿ ಅಲ್ಲಿ ಸಿಕ್ಕಿಕೊಳ್ಳುವುದು ಸಾಮಾನ್ಯ.

ತೊಳೆದ ಮೇಲೂ ಏರಿನಲ್ಲಿ ಹೀಟ್ ಆದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಹಿಡಿದು ಬಿಸಿ ರೇಡಿಯೇಟರಿನ ಮೈ ಮೇಲೆಲ್ಲ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಕಪ್ಪು ಜಾಗ ಆರಿಸಿಕೊಳ್ಳಿ. ನಡುವೆ ಎಲ್ಲಾದರೂ ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿನ ಕೊಳವೆಗಳು ಕಟ್ಟಿವೆ. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆದರೆ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಸರಳು ಆಡಿಸಿ, ಮತ್ತೆ ಬೆಸುಗೆ ಹಾಕಿಕೊಡುವ ಕುಶಲಿಗರು ಊರಿನಲ್ಲಿ ಇನ್ನೂ ಇದ್ದಾರೆ. ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನದಾದರೆ ರಿಪೇರಿಗೆ ದುಡ್ಡು ಹಾಕುವುದಕ್ಕಿಂತ ಹೊಸದು ತರುವುದೇ ಲೇಸು. ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಒಂದೇ ಮಾಡೆಲ್ ಹೆಸರಿನಲ್ಲಿ ಬೇರೆ ಬೇರೆ ದಪ್ಪದ ಕೋರ್ ಇರುತ್ತವೆ, ಭಾರ ಹೆಚ್ಚಿರುವ ನಮ್ಮ ಗಾಡಿಗೆ ದಪ್ಪನೆಯದೇ ಬೇಕು.

"ವಾಲ್ವ್ ಕಿತ್ತಾಕಿಬಿಡಿ ಸಾರ್"

ಥರ್ಮೋಸ್ಟಾಟ್ ತೆಗೆದು ಬಿಸಾಡಿದರೆ ಗಾಡಿ ತಣ್ಣಗಿರುತ್ತದೆ ಎಂದು ಎಷ್ಟೋ ಮೆಕ್ಯಾನಿಕ್‌ಗಳು ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಬೇಡಿ. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ: ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ, ಜೊತೆಗೆ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಏರಿನಲ್ಲಿ ಇನ್ನೂ ಹೆಚ್ಚು ಹೀಟ್ ಆಗುವುದು ಆಗಲೇ. ಚಳಿಯ ಬೆಳಗಿನಲ್ಲಿ ಎಂಜಿನ್ ಬೇಗ ಬಿಸಿಯಾಗದೆ ಬಿಳಿ ಹೊಗೆ, ಕಡಿಮೆ ಮೈಲೇಜ್, ಸವೆತ ಬೇರೆ.

ಪರೀಕ್ಷಿಸುವುದು ಸುಲಭ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಎಂದು ಅಚ್ಚಾಗಿದ್ದರೆ ಆ ಆಸುಪಾಸಿನಲ್ಲಿ ಬಾಯಿ ಬಿಡಲು ತೊಡಗಬೇಕು. ಪೂರ್ತಿ ತೆರೆಯುವುದಕ್ಕೆ 95 ಡಿಗ್ರಿಯಷ್ಟು ಬೇಕಾಗಬಹುದು. ನಮ್ಮೂರಿನಲ್ಲಿ ನೀರು 97ಕ್ಕೇ ಕುದಿಯುವುದರಿಂದ ಜೋರು ಕುದಿ ಬರುವವರೆಗೆ ಕಾದು ನೋಡಿ. ರೇಡಿಯೇಟರ್ ಕ್ಯಾಪಿನ ರಬ್ಬರ್, ಸ್ಪ್ರಿಂಗ್ ಸಂಶಯವಿದ್ದರೆ ಪರೀಕ್ಷೆಗೆ ಕೂರಬೇಡಿ, ಅದೇ ಒತ್ತಡದ ಅಂಕಿ ಇರುವ ಹೊಸ ಕ್ಯಾಪ್ ಹಾಕಿ. ಅದಕ್ಕಿಂತ ಹೆಚ್ಚಿನದು ಹಾಕಿದರೆ ಹಳೆಯ ಹೋಸುಗಳು ಸೀಳುತ್ತವೆ.

ಸೋರಿಕೆಗೆ ಅರಿಶಿನ ಪುಡಿ ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಕಾಡಿನ ನಡುವೆ ಬೇರೆ ದಾರಿಯಿಲ್ಲದಾಗ ಊರು ಸೇರಲು ಸರಿ. ಸೋರುವ ತೂತನ್ನು ಮುಚ್ಚುವ ಪುಡಿ ಸೋರದ ಕೊಳವೆಗಳನ್ನೂ ಮುಚ್ಚುತ್ತದೆ, ಊರು ಸೇರಿದ ಮೇಲೆ ಪೂರ್ತಿ ತೊಳೆಯಲೇಬೇಕು.

ಸೋರಿಕೆ ಕಣ್ಣಿಗೆ ಬೀಳದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ

ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ಬಣ್ಣದ ಕಲೆ ಕಂಡರೆ ಪಂಪಿನ ಸೀಲ್ ಹೋಗಿದೆ. ಕ್ಯಾಬಿನ್ನಿನ ಮ್ಯಾಟ್ ಒದ್ದೆಯಿದ್ದರೆ ಹೀಟರ್ ಕಾಯಿಲ್. ಎರಡೂ ಅಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಯಿತೇ? ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ನಿಲ್ಲದೆ ಬರುತ್ತಿವೆಯೇ? ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದಂಥ ಬಣ್ಣ ಇದೆಯೇ? ರೇಡಿಯೇಟರಿನ ಬಾಯಿಗೆ ಹಿಡಿದು ಬ್ಲಾಕ್ ಟೆಸ್ಟ್ ಮಾಡುವ ನೀಲಿ ದ್ರವ, ಎಂಜಿನ್ನಿನ ಹೊಗೆಯ ಅನಿಲ ತಾಗಿದರೆ ಬಣ್ಣ ಬದಲಿಸುತ್ತದೆ. ಹೆಡ್ ಬಿಚ್ಚುವ ಮೊದಲು ಅದನ್ನು ಮಾಡಿಸಿ ಎಂದು ಒತ್ತಾಯಿಸಿ. ಆಯಿಲ್‌ನಲ್ಲಿ ನೀರು ಕಂಡರೆ ಅಥವಾ ಹೀಟ್ ಆಗಿ ನಿಂತ ಎಂಜಿನ್ ಸೆಲ್ಫ್ ಹೊಡೆದಾಗ ತಟಕ್ಕನೆ ಅಡ್ಡ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ. ಸಿಲಿಂಡರಿನೊಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೆಡ್ ಬಿಚ್ಚಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡದೆ, ಲೇತಿನವರಲ್ಲಿ ಬೆಂಡ್ ನೋಡಿಸಿ, ಬಿರುಕಿಗೆ ಪ್ರೆಶರ್ ಟೆಸ್ಟ್ ಮಾಡಿಸಿ, ಬೇಕಿದ್ದರೆ ಫೇಸಿಂಗ್ (ಮೇಲ್ಮೈ ಸಮತಟ್ಟು ಮಾಡುವುದು) ಮಾಡಿಸಿ.

ಘಾಟಿ ಇರುವುದು ವಾಪಸ್ ಬರುವಾಗ

ಬೆಂಗಳೂರಿನವರು ಕರಾವಳಿಗೆ ಹೊರಟರೆ ಹೋಗುವ ದಾರಿ ಇಳಿಜಾರು. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ಗಾಡಿಯ ನಿಜವಾದ ಪರೀಕ್ಷೆ ಮರಳಿ ಹತ್ತುವಾಗ, ಅದೂ ಕೆಳಗಿನ ಸೆಕೆಯಲ್ಲಿ. ರೇಡಿಯೇಟರ್ ಎಷ್ಟು ಬಿಸಿ ಹೊರಹಾಕುತ್ತದೆ ಎನ್ನುವುದು ಹೊರಗಿನ ಗಾಳಿ ಎಷ್ಟು ತಣ್ಣಗಿದೆ ಎನ್ನುವುದರ ಮೇಲೆ ನಿಂತಿದೆ. ಹೋಗುವಾಗ ಮುಳ್ಳು ಅಲುಗಲಿಲ್ಲ ಎಂದು ಸಮಾಧಾನಪಟ್ಟುಕೊಂಡು, ಮಧ್ಯಾಹ್ನ ಊಟ ಮುಗಿಸಿ, ಟ್ಯಾಂಕ್ ತುಂಬ ನೀರು ಹಿಡಿದು ಹತ್ತಲು ಹೊರಟವರೇ ನಡುದಾರಿಯಲ್ಲಿ ನಿಲ್ಲುತ್ತಾರೆ.

ಬೆಳಗಿನ ತಂಪಿನಲ್ಲಿ ಹತ್ತಿ. ನೂರು ಲೀಟರ್ ನೀರು ಎಂದರೆ ನೂರು ಕಿಲೋ; ಬೂದು ನೀರಿನ (ಪಾತ್ರೆ, ಕೈ ತೊಳೆದ ನೀರಿನ) ಟ್ಯಾಂಕನ್ನು ಸರಿಯಾದ ಜಾಗದಲ್ಲಿ ಖಾಲಿ ಮಾಡಿ, ಕುಡಿಯಲು ಬೇಕಾದಷ್ಟು ಉಳಿಸಿಕೊಂಡು, ಬಳಕೆಯ ನೀರನ್ನು ಘಾಟಿಯ ಮೇಲಿನ ಸಕಲೇಶಪುರ ಅಥವಾ ಕೊಟ್ಟಿಗೆಹಾರ ತಲುಪಿದ ಮೇಲೆ ತುಂಬಿಕೊಳ್ಳಿ. ಏರು ಶುರುವಾಗುವ ಮೊದಲೇ ಏಸಿ ಆಫ್ ಮಾಡಿ, ಎಂಜಿನ್ ಮುಲುಗುವವರೆಗೆ ಕಾಯದೆ ಗೇರ್ ಇಳಿಸಿ. ಕಡಿಮೆ ಗೇರಿನಲ್ಲಿ ಎಂಜಿನ್ ಹಗುರವಾಗಿ, ಚುರುಕಾಗಿ ತಿರುಗಿದರೆ ಪಂಪು, ಫ್ಯಾನು ಎರಡೂ ಜೋರಾಗಿ ಓಡುತ್ತವೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತುಳಿದುಹಿಡಿದು ಎಳೆಸುವುದು ಹಳೆಯ ಡೀಸೆಲ್‌ಗೆ ಅತಿ ಕೆಟ್ಟದ್ದು. ಹಿಂದೆ ಬಸ್ಸು ಹಾರ್ನ್ ಹೊಡೆದರೆ ಜಾಗ ಸಿಕ್ಕಲ್ಲಿ ಬಿಟ್ಟುಕೊಡಿ.

ಗಾಡಿಯಲ್ಲಿ ಯಾವಾಗಲೂ ಇರಲಿ: ಬೆರೆಸಿಟ್ಟ ಕೂಲಂಟ್ 5 ಲೀಟರ್, ಒಂದು ಫ್ಯಾನ್ ಬೆಲ್ಟ್, ಮೇಲಿನ ಮತ್ತು ಕೆಳಗಿನ ಹೋಸ್ ಪೈಪ್, ಕ್ಲಿಪ್ಪುಗಳು, ಫ್ಯಾನಿನ ರಿಲೇ ಮತ್ತು ಫ್ಯೂಸ್, ದಪ್ಪ ಕೈಗವಸು, ಟಾರ್ಚ್, ಬೆಂಕಿ ಆರಿಸುವ ಸಿಲಿಂಡರ್. ಬೆಲ್ಟನ್ನು ಬದಲಿಸಲು ಬೇಕಾದ ಸ್ಪ್ಯಾನರ್ ಕೂಡ ಅದೇ ಪೆಟ್ಟಿಗೆಯಲ್ಲಿರಲಿ. ಘಾಟಿ ಹತ್ತಿ ಬಂದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟ ನೋಡಿ. ಇಳಿದಿದ್ದರೆ ಅಳತೆಯ ಲೋಟದಲ್ಲಿ ಹಾಕಿ, ಎಷ್ಟು ಹಿಡಿಯಿತೆಂದು ಪುಸ್ತಕದಲ್ಲಿ ಬರೆದು, ಮುಂದಿನ ಪ್ರಯಾಣದ ಮೊದಲು ಅದು ಹೋದದ್ದೆಲ್ಲಿಗೆ ಎಂದು ಹುಡುಕಿ.